ಏಪ್ರಿಲ್ 1ರಿಂದ ನಮ್ಮ ಬಿಲ್ಲು, ಬುಕ್ಕಿಂಗ್ ಚೀಟಿಗಳಲ್ಲಿ ಹೊತ್ತು ಬರೆಯುವ ಕ್ರಮ

ಬದಿಯಡ್ಕ, ಕಾಸರಗೋಡು ಜಿಲ್ಲೆ

ಮಾನ್ಯ ಗ್ರಾಹಕರೇ,

ನಮ್ಮ ಸಹಕಾರಿ ಸಂಘದಿಂದ ಜೆಸಿಬಿ, ಟಿಲ್ಲರ್, ಜನರೇಟರ್ ಬಾಡಿಗೆಗೆ ಪಡೆಯುವ ಎಲ್ಲರ ಗಮನಕ್ಕೆ. ಬಾಡಿಗೆ ದರ ಹಿಂದಿನಂತೆಯೇ ಇದೆ. ಬದಲಾಗುವುದು ಹೊತ್ತನ್ನು ಅಂಕಿಯಲ್ಲಿ ಬರೆಯುವ ರೀತಿ ಮಾತ್ರ.

ಮುಖ್ಯವಾದದ್ದು ಕೆಲಸದ ಅವಧಿ. ಬಿಲ್ಲಿನಲ್ಲಿ 1.30 ಎಂದು ಕಂಡರೆ ನಮ್ಮಲ್ಲಿ ಹೆಚ್ಚಿನವರು ಒಂದೂವರೆ ಗಂಟೆ ಎಂದೇ ಓದುತ್ತಾರೆ. ಪಂಚಾಂಗ ನೋಡಿ ರೂಢಿಯಿದ್ದವರಿಗಂತೂ ಅದೇ ಸಹಜ. ಅಲ್ಲಿ 60 ವಿಘಳಿಗೆಗೆ ಒಂದು ಘಳಿಗೆ, ಹಾಗಾಗಿ ಘಳಿಗೆಯ ಮುಂದೆ 30 ಇದ್ದರೆ ಅರ್ಧ. ಆದರೆ ಕ್ಯಾಲ್ಕುಲೇಟರಿಗೆ 1.30 ಎಂದರೆ ಒಂದು ಗಂಟೆ, ಮತ್ತೆ ಗಂಟೆಯ ಹತ್ತರಲ್ಲಿ ಮೂರು ಪಾಲು. ಅಂದರೆ 1 ಗಂಟೆ 18 ನಿಮಿಷ. ಗಂಟೆಗೆ 1,000 ರೂಪಾಯಿ ಎಂದು ಲೆಕ್ಕ ಹಿಡಿದರೆ ಒಂದು ಓದಿಗೆ 1,500, ಇನ್ನೊಂದಕ್ಕೆ 1,300. ಬೆವರು ಸುರಿಸಿ ದುಡಿದ ಹಣದ ಲೆಕ್ಕ ಒಂದು ಚುಕ್ಕಿಯ ಮೇಲೆ ನಿಲ್ಲಬಾರದು.

ಹಾಗಾಗಿ ಇನ್ನು ಗಂಟೆಗೆ ಒಂದು ಕಾಲಂ, ನಿಮಿಷಕ್ಕೆ ಇನ್ನೊಂದು. ತಲೆಬರಹ ಕನ್ನಡದಲ್ಲೂ ಮಲಯಾಳದಲ್ಲೂ ಇರುತ್ತದೆ. ಅಂಕಿ ಮಾತ್ರ ಎಲ್ಲರೂ ಓದುವ 1, 2, 3.

ತೋಟದ ಕಣಿ ತೆಗೆಯಲು ಜೆಸಿಬಿ ಬಂದಾಗ ದಯವಿಟ್ಟು ಅದರ ಗಂಟೆ ಮೀಟರ್ ನೋಡಿಕೊಳ್ಳಿ. ಚುಕ್ಕಿಯ ನಂತರದ ಕೊನೆಯ ಅಂಕಿ ಗಂಟೆಯ ಹತ್ತನೇ ಒಂದು ಪಾಲು, ಅಂದರೆ 6 ನಿಮಿಷ. ಶುರುವಿಗೆ 2416.3 ಇದ್ದದ್ದು ಮುಗಿಯುವಾಗ 2417.8 ಆದರೆ ವ್ಯತ್ಯಾಸ 1.5. ಇದನ್ನು ಒಂದು ಗಂಟೆ ಐದು ನಿಮಿಷ ಎಂದು ಓದಬೇಡಿ, ಒಂದು ಗಂಟೆ ಐವತ್ತು ನಿಮಿಷವೂ ಅಲ್ಲ. ಐದಾರಲಿ ಮೂವತ್ತು, ಸರಿಯಾಗಿ ಒಂದೂವರೆ ಗಂಟೆ. ಆರಂಭದ, ಕೊನೆಯ ರೀಡಿಂಗ್ ಎರಡನ್ನೂ ಆಪರೇಟರ್ ನಿಮ್ಮೆದುರೇ ಚೀಟಿಯಲ್ಲಿ ಬರೆಯುತ್ತಾರೆ.

ಬುಕ್ಕಿಂಗ್ ಹೊತ್ತನ್ನು ರೈಲ್ವೆಯವರಂತೆ 24 ಗಂಟೆಯ ಲೆಕ್ಕದಲ್ಲಿ ಬರೆಯುತ್ತೇವೆ. ಬೆಳಗ್ಗೆ ಐದೂವರೆ 05:30, ಸಂಜೆ ಐದೂವರೆ 17:30. ನಡುವೆ ಒಂದು ಚುಕ್ಕಿಯ ಬದಲು ಮೇಲೊಂದು ಕೆಳಗೊಂದು ಎರಡು ಚುಕ್ಕಿ. ಅಂತಾರಾಷ್ಟ್ರೀಯ ಮಾನಕ ಐಎಸ್‌ಒ 8601 ಹೇಳುವ ಕ್ರಮವೂ ಇದೇ.

ಯಕ್ಷಗಾನಕ್ಕೂ ಕೋಲಕ್ಕೂ ಜನರೇಟರ್ ಒಯ್ಯುವವರಿಗೆ ಇನ್ನೊಂದು ಮಾತು. ಶನಿವಾರ ರಾತ್ರಿ ಎರಡು ಗಂಟೆ ಎಂದು ನಾವೆಲ್ಲ ಹೇಳುವುದು ಕ್ಯಾಲೆಂಡರಿನಲ್ಲಿ ಆದಿತ್ಯವಾರ 02:00. ಸೂರ್ಯ ಹುಟ್ಟಿದ ಮೇಲೆ ದಿನ ಬದಲಾಗುವುದು ನಮ್ಮ ರೂಢಿ, ಕ್ಯಾಲೆಂಡರಿಗೆ ನಡುರಾತ್ರಿ 00:00ಕ್ಕೇ ಹೊಸ ತಾರೀಕು. 'ರಾತ್ರಿ 12' ಎಂದಷ್ಟೇ ಬರೆದರೆ ಯಾವ ದಿನದ್ದು ಎಂಬ ಗೊಂದಲ ಬರುವುದು ಅದಕ್ಕೇ. ಚೀಟಿಯಲ್ಲಿ ಇನ್ನು ಎರಡೂ ಕಡೆ ವಾರ, ತಾರೀಕು ಇರುತ್ತದೆ: ಶನಿವಾರ 21:30ರಿಂದ ಆದಿತ್ಯವಾರ 05:45. ನಡುರಾತ್ರಿವರೆಗೆ ಎರಡೂವರೆ ಗಂಟೆ, ಆಮೇಲಿನದ್ದು ಐದೂಮುಕ್ಕಾಲು, ಒಟ್ಟು 8 ಗಂಟೆ 15 ನಿಮಿಷ.

ಫೋನಿನಲ್ಲಿ ನಿಮಗೆ ರೂಢಿಯಿದ್ದ ಹಾಗೆಯೇ ಹೇಳಿ, ಕನ್ನಡ, ತುಳು, ಮಲಯಾಳ ಯಾವುದಾದರೂ ಸರಿ. ಕಚೇರಿಯವರು ಅಂಕಿಯಲ್ಲಿ ಬರೆದುಕೊಂಡು ನಿಮಗೆ ಓದಿ ಹೇಳುತ್ತಾರೆ. ಸರಿ ಎಂದ ಮೇಲೆಯೇ ಬುಕ್ಕಿಂಗ್. ಮಾರ್ಚ್ 31ರವರೆಗಿನ ಬಿಲ್ಲುಗಳು ಹಳೆಯ ಕ್ರಮದಲ್ಲೇ ಬರುತ್ತವೆ.

ಇತಿ ನಿಮ್ಮ,
ಕಾರ್ಯದರ್ಶಿ