ಓಪೇರ್ ಎಂದು ಕಳಿಸಿ ಮನೆಗೆಲಸಕ್ಕೆ ಬಿಟ್ಟ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಓಪೇರ್ ಏಜೆನ್ಸಿ, ಬೆಂಗಳೂರು

ವಿಷಯ: ಜರ್ಮನಿಯ ಆತಿಥೇಯ ಕುಟುಂಬ ಕರಾರು ಮೀರಿ ದುಡಿಸಿದಾಗ ನೀವು ಕೈಬಿಟ್ಟಿದ್ದು, ಬೇರೆ ಮನೆ ಅಥವಾ ಶುಲ್ಕ ವಾಪಸಾತಿ ಕೋರಿ.

ಮಾನ್ಯರೇ,

ನಿಮ್ಮ ಮೂಲಕ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಮನೆಗೆ ಓಪೇರ್ ಆಗಿ, ಅಂದರೆ ಕುಟುಂಬದ ಜೊತೆಗಿದ್ದು ಮಕ್ಕಳನ್ನು ನೋಡಿಕೊಳ್ಳುತ್ತ ಭಾಷೆ ಕಲಿಯಲು, ಬಂದಿದ್ದೇನೆ. ಮಕ್ಕಳನ್ನು ನೋಡಿಕೊಳ್ಳುವುದು, ಪ್ರತಿಯಾಗಿ ಊಟ, ವಸತಿ, ವಿಮೆ, ಕೈಖರ್ಚಿಗೆ ತಿಂಗಳಿಗೆ 280 ಯೂರೋ: ನನಗೆ ವೀಸಾ ಸಿಕ್ಕಿದ್ದು ಈ ಕರಾರಿನ ಮೇಲೆ. ನಿಮಗೆ 60,000 ರೂಪಾಯಿ ಸೇವಾ ಶುಲ್ಕ ಕಟ್ಟಿದ್ದು, ವರ್ಷಪೂರ್ತಿ ಬೆನ್ನಿಗಿರುತ್ತೇವೆ ಎಂದು ನೀವು ಬರೆದುಕೊಟ್ಟಿದ್ದಕ್ಕೆ.

ಓಪೇರ್‌ಗೆ ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ. ರಾತ್ರಿ ತಂದೆತಾಯಿ ಹೊರಗೆ ಹೋದಾಗ ಮಕ್ಕಳ ಜೊತೆ ಕೂರುವುದೂ ಈ ಲೆಕ್ಕದೊಳಗೇ ಬರಬೇಕು. ಇಲ್ಲಿ ನಡೆಯುವುದೇ ಬೇರೆ. ಬೆಳಿಗ್ಗೆ ಆರೂವರೆಗೆ ಮಕ್ಕಳನ್ನು ಎಬ್ಬಿಸಿ, ತಿಂಡಿ ಕೊಟ್ಟು, ಕಿಂಡರ್‌ಗಾರ್ಟನ್‌ಗೆ ಬಿಟ್ಟು ಬಂದರೆ ಇಡೀ ಮನೆಯ ಇಸ್ತ್ರಿ, ಕಿಟಕಿ ಒರೆಸುವ ಕೆಲಸ ಕಾದಿರುತ್ತದೆ. ಮಧ್ಯಾಹ್ನ ಪಕ್ಕದ ಬೀದಿಯಲ್ಲಿರುವ ಅವರ ಅಜ್ಜಿಗೆ ಸ್ನಾನ ಮಾಡಿಸಿ, ಊಟ ಕೊಡಬೇಕು. ಆಮೇಲೆ ಮತ್ತೆ ಮಕ್ಕಳು, ಅವರು ಮಲಗುವ ತನಕ. ಅಜ್ಜಿ ಒಳ್ಳೆಯವರು, ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ವೃದ್ಧರ ಆರೈಕೆ ಓಪೇರ್ ಕೆಲಸವೇ ಅಲ್ಲ; ಜರ್ಮನಿಯಲ್ಲಿ ಅದಕ್ಕೆಂದೇ ತರಬೇತಿ ಪಡೆದವರು ಸಂಬಳಕ್ಕೆ ಮಾಡುವ ಕೆಲಸ ಅದು. ನಾನು ಎತ್ತುವಾಗ ಅವರು ಜಾರಿ ಬಿದ್ದರೆ ಯಾರು ಹೊಣೆ?

ನನಗೆ ಹೆಚ್ಚು ನೋವಾಗಿರುವುದು ಭಾಷೆಯ ತರಗತಿ ತಪ್ಪಿದ್ದಕ್ಕೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯ ಮೊದಲ ಹಂತ ಎ1 ಮುಗಿಸಿ, ಇಲ್ಲಿ ಮೂರನೇ ಹಂತ ಬಿ1 ಮಾಡಿ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಬೇಕೆಂದೇ ಹೊರಟವಳು ನಾನು. ತರಗತಿಗೆ ಕುಟುಂಬ ತಿಂಗಳಿಗೆ 70 ಯೂರೋ ಕೊಡಬೇಕು. ಕೊಡುತ್ತಿಲ್ಲ. ಕೊಟ್ಟರೂ ಹೋಗಲು ಸಂಜೆ ಬಿಡುವುದಿಲ್ಲ. ಒಂದು ವರ್ಷ ಮೀರಿ ಇಲ್ಲಿ ಓಪೇರ್ ಆಗಿ ಇರುವಂತಿಲ್ಲ, ಇನ್ನೊಮ್ಮೆ ಬರಲೂ ಆಗುವುದಿಲ್ಲ. ಹೋದ ತಿಂಗಳುಗಳನ್ನು ನೀವಾಗಲಿ ಅವರಾಗಲಿ ನನಗೆ ತಂದುಕೊಡಲಾರಿರಿ.

ಇದನ್ನೆಲ್ಲ ಕೆಲಸದ ಗಂಟೆಗಳ ಪಟ್ಟಿಯ ಸಮೇತ ನಿಮಗೆ ಬರೆದೆ. ಬಂದ ಉತ್ತರ ಒಂದು ವಾಟ್ಸಾಪ್ ಧ್ವನಿ ಸಂದೇಶ: "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ, ಅವರ ಮನೆ ಮಗಳ ಥರ ಇರು. ಗಲಾಟೆ ಮಾಡಿದ್ರೆ ವೀಸಾ ಕ್ಯಾನ್ಸಲ್ ಆಗತ್ತೆ." ಮನೆ ಮಗಳನ್ನು ಊಟದ ಮೇಜಿಗೆ ಕರೆಯುತ್ತಾರೆ, ನಾನು ಅಡುಗೆಮನೆಯಲ್ಲಿ ನಿಂತು ತಿನ್ನುತ್ತಿದ್ದೇನೆ. ಇನ್ನು ವೀಸಾದ ಮಾತು ಬರೀ ಬೆದರಿಕೆ. ಕರಾರಿನಂತೆ 14 ದಿನದ ನೋಟಿಸ್ ಕೊಟ್ಟು, ವಾಸದ ಪರವಾನಗಿ ಕೊಡುವ ಇಲ್ಲಿನ ವಿದೇಶಿಯರ ಕಚೇರಿಗೆ ತಿಳಿಸಿ, ಉಳಿದ ಅವಧಿಗೆ ಬೇರೆ ಕುಟುಂಬ ಸೇರಲು ಅವಕಾಶವಿದೆ. ಇಲ್ಲಿನ ಓಪೇರ್ ಸಲಹಾ ಕೇಂದ್ರದವರು ಅರ್ಧ ಗಂಟೆಯಲ್ಲಿ, ಒಂದು ಪೈಸೆ ತೆಗೆದುಕೊಳ್ಳದೆ ಇದನ್ನು ವಿವರಿಸಿದರು. ಹೇಳಬೇಕಾಗಿದ್ದವರು ದುಡ್ಡು ಪಡೆದ ನೀವು. ಊರಲ್ಲಿ ಅಪ್ಪ ಅಮ್ಮ ಆ ಸಂದೇಶ ಕೇಳಿ ಮಗಳನ್ನು ಪೊಲೀಸರು ಹಿಡಿಯುತ್ತಾರೇನೋ ಎಂದು ನಿದ್ದೆ ಬಿಟ್ಟಿದ್ದಾರೆ.

ಈ ಪತ್ರ ತಲುಪಿದ 15 ದಿನದೊಳಗೆ ನನಗೆ ಬೇರೆ ಕುಟುಂಬ ಹುಡುಕಿಕೊಡಿ; ಆಗದಿದ್ದರೆ ಪೂರ್ತಿ ಶುಲ್ಕ ವಾಪಸ್ ಮಾಡಿ. ವೀಸಾ ರದ್ದಾಗುತ್ತದೆ ಎಂದ ಮಾತು ತಪ್ಪು ಎಂದು ನನ್ನ ತಂದೆಗೆ ಲಿಖಿತವಾಗಿ ತಿಳಿಸಿ. ಈ ಕುಟುಂಬದ ಹೆಸರು ನಿಮ್ಮ ಪಟ್ಟಿಯಲ್ಲಿ ಮುಂದಿನ ವರ್ಷಕ್ಕೂ ಇದೆ, ಅದನ್ನು ಇವತ್ತೇ ತೆಗೆಯಿರಿ. ನನ್ನ ಜಾಗಕ್ಕೆ ಇನ್ನೊಬ್ಬ ಹುಡುಗಿ ಬರುವುದು ಬೇಡ.

ಇಲ್ಲವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇವೆ. ದೂರುದಾರರು ತಮ್ಮ ಊರಿನಲ್ಲೇ ದೂರು ಕೊಡಲು ಈ ಕಾಯ್ದೆ ಅವಕಾಶ ಕೊಟ್ಟಿದೆ. ನನ್ನ ಪರವಾಗಿ ತಂದೆ ಓಡಾಡುತ್ತಾರೆ.

ಕರಾರಿನ ಪ್ರತಿ, ಶುಲ್ಕದ ರಸೀದಿ, ಗಂಟೆಗಳ ಪಟ್ಟಿ ಮತ್ತು ಧ್ವನಿ ಸಂದೇಶವನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಮೂಲಕ ಬಂದ ಓಪೇರ್
(ಊರು: ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ)