ವಿಷಯ: ಎಡಗಡೆ ಬೇರಿಂಗ್ ಹೋಗಿದ್ದರೆ ಬಲಗಡೆಯದನ್ನು ಬದಲಿಸಿದ ಬಗ್ಗೆ

ಸರ್ವಿಸ್ ಮ್ಯಾನೇಜರ್ ಅವರಿಗೆ,
ಕುಶಾಲನಗರ

ನಮಸ್ಕಾರ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ಅದಕ್ಕೇ ಈ ಕಾಗದ. ಸಿಟ್ಟು ಮಾಡಿಕೊಳ್ಳದೆ ಬರೆಯಬೇಕು ಅಂತಲೇ ಕೂತಿದ್ದೇನೆ, ನೋಡೋಣ.

ನನ್ನ ಕಾರು 40 ದಾಟಿದರೆ ಮುಂದಿನ ಚಕ್ರದಿಂದ ಗುಂಯ್ ಅನ್ನುತ್ತಿತ್ತು. ಸಂಪಾಜೆ ಘಾಟಿಯಲ್ಲಿ ಬಲಕ್ಕೆ ತಿರುಗಿಸಿದರೆ ಸದ್ದು ಜೋರು, ಎಡಕ್ಕೆ ತಿರುಗಿಸಿದರೆ ಗಪ್‌ಚುಪ್. ಬಲಕ್ಕೆ ತಿರುಗುವಾಗ ಭಾರ ಎಡಗಡೆ ಚಕ್ರದ ಮೇಲೆ ಬೀಳುತ್ತೆ, ಹಾಗಾಗಿ ಅನುಮಾನ ಎಡಗಡೆ ಬೇರಿಂಗ್ ಮೇಲೆ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾ? ಆದರೂ ಜಾಬ್ ಕಾರ್ಡಿನಲ್ಲಿ ಬರೆಸಿದ್ದೆ.

ನಿಮ್ಮ ಹುಡುಗ ಟೆಸ್ಟ್ ಡ್ರೈವ್ ಮಾಡಿದ್ದು ಬಸ್ ಸ್ಟ್ಯಾಂಡ್ ಸುತ್ತ, ಎರಡನೇ ಗೇರಿನಲ್ಲಿ, ಎಫ್ಎಂ ಹಾಕಿಕೊಂಡು. ವಾಪಸ್ ಬಂದು, "ಟೈರ್ ಸೌಂಡ್ ಸಾರ್" ಅಂದ. ಟೈರ್ ಹಾಕಿಸಿ ಮೂರು ತಿಂಗಳಾಗಿಲ್ಲ ಅಂದೆ. "ಹಾಗಾದ್ರೆ ನಿಮ್ಮೂರ ರೋಡು." ಜ್ಯಾಕ್ ಹಾಕಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿದ್ರಾ ಅಂತ ಕೇಳಿದೆ. ಆಗ ಕೌಂಟರಿನಲ್ಲಿದ್ದ ನಿಮ್ಮ ಅಡ್ವೈಸರ್ ಕಂಪ್ಯೂಟರಿನಿಂದ ತಲೆ ಎತ್ತಿದರು. "ಸಾರ್ ವಯಸ್ಸೆಷ್ಟು?" 63 ಅಂದೆ. ಅವರು ಕೌಂಟರಿನ ಮೇಲಿಂದ ಬಗ್ಗಿ, ನನ್ನ ಕಿವಿಯ ಹತ್ತಿರ ಬಂದು, ಕಿವುಡನಿಗೆ ಕೂಗಿದ ಹಾಗೆ, "ಒಂದ್ಸಲ ಕಿವಿ ತೋರಿಸ್ಕೊಂಡು ಬನ್ನಿ ಸಾರ್!" ಅಂದರು. ಕಾರ್ ತೊಳೆಸಲು ಬಂದಿದ್ದ ಒಬ್ಬರಿಗೆ ನಕ್ಕು ನಕ್ಕು ಟೀ ನೆತ್ತಿಗೇರಿತು. ನಾನೂ ನಕ್ಕೆ. ಅದೇ ಈಗ ಉರಿಯುತ್ತಿರುವುದು.

ಹಟ ಹಿಡಿದ ಮೇಲೆ ಬೇರಿಂಗ್ ಬದಲಿಸಿದಿರಿ. ಬಲಗಡೆಯದು! ಪ್ರೆಸ್ ಯಂತ್ರದಲ್ಲಿ ಒತ್ತಿ ಕೂರಿಸಬೇಕಾದದ್ದನ್ನು ಸುತ್ತಿಗೆಯಲ್ಲಿ ಬಡಿಯುವುದನ್ನು ಗಾಜಿನಾಚೆಯಿಂದ ಕಣ್ಣಾರೆ ನೋಡಿದೆ. ನನ್ನ ಕಣ್ಣನ್ನೂ ತೋರಿಸಿಕೊಂಡು ಬರಬೇಕೇನೋ. ಹಳೇ ಬೇರಿಂಗ್ ಕೇಳಿದರೆ 'ಸ್ಕ್ರ್ಯಾಪಿಗೆ ಹೋಯ್ತು' ಅಂದಿರಿ. 'ಬದಲಿಸಿದ ಭಾಗವನ್ನು ಗ್ರಾಹಕರಿಗೆ ತೋರಿಸಲಾಗುವುದು' ಅನ್ನುವ ಬೋರ್ಡು ನಿಮ್ಮ ಗೋಡೆಯ ಮೇಲೇ ಇದೆ.

ಆನೆಕಾಡು ದಾಟುವ ಮೊದಲೇ ಅದೇ ಗುಂಯ್. ಜೊತೆಗೆ ಬ್ರೇಕಿನ ಎಬಿಎಸ್ ಎಚ್ಚರಿಕೆ ದೀಪ ಉಚಿತ. ಸುಂಟಿಕೊಪ್ಪದ ಸಣ್ಣ ಗ್ಯಾರೇಜಿನವರು ಐದೇ ನಿಮಿಷದಲ್ಲಿ ಎಡಗಡೆ ಚಕ್ರ ಎತ್ತಿ ಅಲ್ಲಾಡಿಸಿದರು. ಟಕ್ ಟಕ್ ಅಂತು. ಕೈಯಲ್ಲಿ ತಿರುಗಿಸಿದರೆ ಮರಳು ಅರೆದ ಹಾಗೆ. ಆಮೇಲೆ ನೀವು ಹಾಕಿದ್ದ ಬಲಗಡೆಯದನ್ನೂ ಬಿಚ್ಚಿದರು. ಎಬಿಎಸ್‌ಗೆ ಚಕ್ರದ ವೇಗ ತಿಳಿಸುವ ಸೆನ್ಸರ್ ಕಡೆ ಇರಬೇಕಾದ ಮ್ಯಾಗ್ನೆಟ್ ಸೀಲ್ ಆಚೆ ಬದಿಗಿತ್ತು. ಉಲ್ಟಾ ಕೂರಿಸಿದ್ದಿರಿ.

ಬಿಲ್ಲಿನ ಹಣ ವಾಪಸ್ ಕೊಡಿ. ಏಳು ದಿನ ಕಾಯುತ್ತೇನೆ. ಕೊಡದಿದ್ದರೂ ಬೇಜಾರಿಲ್ಲ, ನಿಜ ಹೇಳಬೇಕೆಂದರೆ ಕೊಡದಿದ್ದರೇ ನನಗೆ ಖುಷಿ. ಮಡಿಕೇರಿಯ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ, ರಿಟೈರ್ ಆದವನಿಗೆ ಪುರುಸೊತ್ತಿಗೂ ಬರವಿಲ್ಲ. ಜಾಬ್ ಕಾರ್ಡ್, ನಿಮ್ಮ ಬೋರ್ಡಿನ ಫೋಟೊ, ಉಲ್ಟಾ ಬೇರಿಂಗ್ ಎಲ್ಲ ಒಂದು ಚೀಲದಲ್ಲಿವೆ. ಮೇಲೆಯೇ ಕಿವಿ ಡಾಕ್ಟರ ವರದಿ ಇಟ್ಟಿದ್ದೇನೆ. ಎರಡೂ ಕಿವಿ ನಾರ್ಮಲ್.

ಇಂತಿ,
ನಿಮ್ಮ ಕಿವುಡ ಗ್ರಾಹಕ