ಗೆಳೆಯನಿಗೊಂದು ಪತ್ರ: ನಮ್ಮ ಇಗರ್ಜಿಯ ಬಗ್ಗೆ ನೀನು ಕೇಳಿದ್ದಕ್ಕೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. "ಪಾದ್ರಿಗಳಿಂದ ಮಕ್ಕಳಿಗೆ, ಮಠದ ಸಿಸ್ಟರ್‌ಗಳಿಗೆ ಲೈಂಗಿಕ ದೌರ್ಜನ್ಯ ಆದ ಸುದ್ದಿ ಇಷ್ಟೆಲ್ಲ ಕೇಳಿದ ಮೇಲೂ ಇಗರ್ಜಿಗೆ ಹೋಗ್ತೀಯಾ? ಮಗಳನ್ನು ಯಾವ ಧೈರ್ಯದಲ್ಲಿ ಭಾನುವಾರದ ಧರ್ಮೋಪದೇಶಕ್ಕೆ ಕಳಿಸ್ತೀಯಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಊರು ಬಿಟ್ಟು ಹೋದ ನಮ್ಮವರಲ್ಲಿ ತುಂಬಾ ಜನ ಇದನ್ನೇ ಕೇಳುತ್ತಾರೆ. ಹಾಗಾಗಿ ಎಲ್ಲರೂ ಓದಲಿ ಅಂತ ಇಲ್ಲಿ ಹಾಕಿದ್ದೇನೆ. ನಿನ್ನ ಹೆಸರು ಎಲ್ಲೂ ಬರೆದಿಲ್ಲ.

ಹೋಗುತ್ತೇನೆ. ಮಗಳನ್ನೂ ಕಳಿಸುತ್ತೇನೆ. ಆದರೆ "ಫಾದರ್ ಇದ್ದಾರಲ್ಲ, ಮತ್ತೆಂಥ ಭಯ" ಅಂತ ನಮ್ಮ ಅಪ್ಪ ಅಮ್ಮ ನಮ್ಮನ್ನು ಕಳಿಸಿದ ಹಾಗೆ ಕಳಿಸುವುದಿಲ್ಲ.

ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ. ಈ ಸಲವೂ ಮಳೆ ಬಿಡಲಿಲ್ಲ, ಅಡಿಕೆಗೆ ಕೊಳೆರೋಗ. ಮೊಂತಿ ಫೆಸ್ತ್, ಅದೇ ಮರಿಯ ಮಾತೆಯ ಹುಟ್ಟುಹಬ್ಬ, ಮಾತ್ರ ಚೆನ್ನಾಗಿ ಆಯಿತು. ಒಂಬತ್ತು ದಿನವೂ ಮಕ್ಕಳು ಬುಟ್ಟಿ ಹಿಡಿದು ಬಂದರು. ಗೋರಟೆ, ದಾಸವಾಳ, ಅಬ್ಬಲಿಗೆ, ಯಾರದೋ ಬೇಲಿಯಿಂದ ಕಿತ್ತ ಕಾಡುಹೂವು, ಎಲ್ಲ ಮಾತೆಯ ಮುಂದೆ ರಾಶಿ ಬಿತ್ತು. ಗದ್ದೆ ಮಾಡುವವರು ಬೆರಳೆಣಿಕೆ ಜನ. ಅವರಲ್ಲಿ ಒಬ್ಬರು ತೆನೆ ತಂದುಕೊಟ್ಟರು. ಅದನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚಿದೆವು. ಪಕ್ಕದ ಮನೆಯವರು "ಪೊರ್ಬುಗಳೇ, ಹೊಸ ಅಕ್ಕಿ ಊಟ ಎಲ್ಲಿ?" ಅಂತ ಈಗಲೂ ಕೇಳುತ್ತಾರೆ. ಅದೆಲ್ಲ ಹಾಗೇ ಇದೆ.

ಆದರೆ ಮೊಂತಿ ಫೆಸ್ತ್ ಬಂದಾಗೆಲ್ಲ ನನಗೆ 2018 ನೆನಪಾಗುತ್ತದೆ. ನಾವಿಲ್ಲಿ ಮಾತೆಯ ಹುಟ್ಟುಹಬ್ಬ ಮಾಡುತ್ತಿದ್ದ ಸೆಪ್ಟೆಂಬರ್ 8ಕ್ಕೇ ಕೊಚ್ಚಿಯಲ್ಲಿ ಹೈಕೋರ್ಟ್ ಬಳಿ ವಂಚಿ ಸ್ಕ್ವೇರ್‌ನಲ್ಲಿ ಧರಣಿ ಶುರುವಾಯಿತು. ಕುರವಿಲಂಗಾಡಿನ ಕಾನ್ವೆಂಟಿನ ಐವರು ಸಿಸ್ಟರ್‌ಗಳು ಬೀದಿಗೆ ಬಂದು ಕೂತರು. ಜಲಂಧರ್‌ನ ಬಿಷಪ್ ಆಗಿದ್ದ ಫ್ರಾಂಕೊ ಮುಳಕ್ಕಲ್ ಮೇಲೆ ಅವರ ಜೊತೆಯ ಸಿಸ್ಟರ್ ಒಬ್ಬರು ಜೂನ್‌ನಲ್ಲೇ ಪೊಲೀಸರಿಗೆ ಅತ್ಯಾಚಾರದ ದೂರು ಕೊಟ್ಟಿದ್ದರು. ಸೆಪ್ಟೆಂಬರ್ 21ಕ್ಕೆ ಬಿಷಪರ ಬಂಧನವಾಯಿತು. 2022ರ ಜನವರಿಯಲ್ಲಿ ಕೋಟ್ಟಯಂ ಕೋರ್ಟ್ ಅವರನ್ನು ಖುಲಾಸೆ ಮಾಡಿತು. ಅದರ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಹೋಯಿತು. 2023ರಲ್ಲಿ ಅವರು ರಾಜೀನಾಮೆ ಕೊಟ್ಟರು. ಕೋರ್ಟು ಹೇಳಬೇಕಾದ್ದನ್ನು ನಾನು ಹೇಳುವುದಿಲ್ಲ. ನನ್ನನ್ನು ಇವತ್ತಿಗೂ ಕೊರೆಯುವುದು ಬೇರೆ. ಮಠದ ಒಳಗೇ ಜೀವನ ಕಳೆದ ಹೆಂಗಸರು ತಮ್ಮ ಮಾತು ಯಾರಾದರೂ ಕೇಳಲಿ ಅಂತ ರಸ್ತೆ ಬದಿಗೆ ಬರಬೇಕಾಯಿತಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಮನೆಗೆ ಬಂದು ಟಿವಿ ಹಾಕಿದರೆ ಮಲಯಾಳಂ ಚಾನೆಲ್‌ನಲ್ಲಿ ಅವರ ಮುಖ.

ನನ್ನ ಚಿಕ್ಕಮ್ಮನೂ ಸಿಸ್ಟರ್ ಅಂತ ನಿನಗೆ ಗೊತ್ತು. ಆ ವರ್ಷ ರಜೆಗೆ ಬಂದಾಗ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಹೇಳಿದರು: "ನಮ್ಮ ಸಂಬಳ ಮಠಕ್ಕೆ. ನಮ್ಮ ಮನೆ ಅಂದರೆ ಮಠ. ದೂರು ಕೊಟ್ಟು ಹೊರಗೆ ಬಂದರೆ ನಾವು ರಾತ್ರಿ ಎಲ್ಲಿ ಮಲಗುವುದು? ಅಣ್ಣಂದಿರು ಸೇರಿಸಿಕೊಳ್ಳುತ್ತಾರಾ?" ಅಪ್ಪ ಅಲ್ಲೇ ಇದ್ದರು. "ಇದು ನಿನ್ನದೇ ಮನೆ" ಅಂದರು. ಅಷ್ಟು ವರ್ಷ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮನೆಯಿಂದ ಒಬ್ಬರನ್ನು ಮಠಕ್ಕೆ ಕೊಟ್ಟವರೆಲ್ಲ ಈ ಒಂದು ಮಾತನ್ನು ಜೋರಾಗಿ ಹೇಳಿಡಬೇಕು ಅಂತ ನನಗೆ ಆಗ ಅನ್ನಿಸಿತು.

ಅದಕ್ಕೂ ಮೊದಲು, 2017ರಲ್ಲಿ, ನಮ್ಮ ಕಾಸರಗೋಡಿನ ಪಕ್ಕದ ಕಣ್ಣೂರು ಜಿಲ್ಲೆಯ ಕೊಟ್ಟಿಯೂರಿನ ಪ್ರಕರಣ. ಅಲ್ಲಿನ ಇಗರ್ಜಿಯ ಮುಖ್ಯ ಪಾದ್ರಿ (ವಿಕಾರ್), ಶಾಲೆಗೂ ಅವರೇ ಮ್ಯಾನೇಜರ್. ಅವರಿಂದ ಶಾಲೆಗೆ ಹೋಗುವ ಹುಡುಗಿ ಗರ್ಭಿಣಿಯಾಗಿ ಹೆತ್ತಳು. ಆ ಹುಡುಗಿಯ ಅಪ್ಪ ಪೊಲೀಸರ ಮುಂದೆ ತಪ್ಪು ತನ್ನದೇ ಅಂತ ಮೊದಲು ಹೇಳಿದ್ದ. ಯೋಚಿಸು, ಒಬ್ಬ ಅಪ್ಪ ಅಂಥ ಮಾತು ಹೇಳಬೇಕಾದರೆ ಅವನ ಮೇಲೆ ಎಂಥ ಭಾರ ಇದ್ದಿರಬೇಕು! ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್‌ಗೆ ಯಾರೋ ತಿಳಿಸಿದ್ದರಿಂದ ವಿಷಯ ಹೊರಗೆ ಬಂತು. 2019ರಲ್ಲಿ ತಲಶ್ಶೇರಿಯ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ) ಕೋರ್ಟ್ 20 ವರ್ಷ ಶಿಕ್ಷೆ ಕೊಟ್ಟಿತು. ಹೈಕೋರ್ಟ್ ಆಮೇಲೆ ಅದನ್ನು 10 ವರ್ಷಕ್ಕೆ ಇಳಿಸಿತು. ರೋಮ್ ಅವರನ್ನು ಪಾದ್ರಿ ಸ್ಥಾನದಿಂದಲೇ ತೆಗೆದುಹಾಕಿದ ಸುದ್ದಿ 2020ರಲ್ಲಿ ಹೊರಗೆ ಬಂತು.

"ಇದೆಲ್ಲ ಅಮೆರಿಕದವರ ರೋಗ" ಅಂತ ನಮ್ಮ ಹಿರಿಯರು ಹೇಳುತ್ತಿದ್ದರು, ನೆನಪಿದೆಯಾ? 2002ರಲ್ಲಿ ಬಾಸ್ಟನ್‌ನ ಪತ್ರಿಕೆ ಒಂದೊಂದೇ ಬಯಲು ಮಾಡಿದಾಗ ನಮಗೆ ಅದು ದೂರದ ಸುದ್ದಿ. ಅಲ್ಲಿನ ಬಿಷಪರೇ ಮಾಡಿಸಿದ ಅಧ್ಯಯನ 2004ರಲ್ಲಿ ಬಂತು. 1950ರಿಂದ 2002ರ ತನಕ 4,392 ಪಾದ್ರಿಗಳ ಮೇಲೆ ಆರೋಪ, ದೂರಿದವರು 10,667 ಜನ. ಇವರೆಲ್ಲ ಮಕ್ಕಳಾಗಿದ್ದಾಗ ಆದದ್ದು. ಆ ಲೆಕ್ಕಕ್ಕಿಂತ ನನಗೆ ಜಾಸ್ತಿ ಸಿಟ್ಟು ಬಂದದ್ದು ಮೇಲಿನವರು ಮಾಡಿದ ಕೆಲಸಕ್ಕೆ. ದೂರು ಬಂದ ಪಾದ್ರಿಯನ್ನು ಇನ್ನೊಂದು ಊರಿಗೆ ಹಾಕುವುದು. ಆ ಊರಿನವರಿಗೆ ಏನೂ ಹೇಳದೇ ಇರುವುದು. ಅಲ್ಲಿನ ತಾಯಂದಿರು ಹೊಸ ಫಾದರ್ ಬಂದರು ಅಂತ ಊಟ ಕೊಟ್ಟು ಕಳಿಸುತ್ತಿದ್ದರು, ಜೊತೆಗೆ ತಮ್ಮ ಮಕ್ಕಳನ್ನೂ ಕಳಿಸುತ್ತಿದ್ದರು.

ಈಗ ನಮ್ಮಲ್ಲಿ ಏನಾಯಿತು ಅನ್ನುವುದಕ್ಕೆ ಬರುತ್ತೇನೆ. ಈಗಿನ ಫಾದರ್ ತಾವೇ ಮಕ್ಕಳ ಸುರಕ್ಷತೆಯ ಈ ವಿಷಯವನ್ನು ಇಗರ್ಜಿಯ ಪಾಲನಾ ಮಂಡಳಿಯ ಸಭೆಗೆ ತಂದರು. ಅದನ್ನು ಹೇಳಲೇಬೇಕು. ಒಳ್ಳೆಯ ಪಾದ್ರಿಗಳಿದ್ದಾರೆ, ಮಧ್ಯರಾತ್ರಿ ಕರೆದರೂ ರೋಗಿಯ ಮನೆಗೆ ಬೈಕಿನಲ್ಲಿ ಹೋಗುವವರು. ಎಲ್ಲರನ್ನೂ ಒಂದೇ ಕಣ್ಣಿನಲ್ಲಿ ನೋಡುವಾಗ ಅವರಿಗೂ ನೋವಾಗುತ್ತದೆ.

ಸಭೆಯಲ್ಲಿ ಮೊದಲು ಎಲ್ಲರದ್ದೂ ಒಂದೇ ಮಾತು. "ನಮ್ಮಲ್ಲಿ ಅಂಥದ್ದೇನೂ ಆಗಿಲ್ಲ, ಸುಮ್ನೆ ಯಾಕೆ?" ಒಬ್ಬರು ಗುರ್ಕಾರರು, ಅಂದರೆ ವಾರ್ಡಿನ ಮುಖಂಡರು, ಎದ್ದು, "ಮೊದಲೇ ನಾವು ಇಲ್ಲಿ ನಾಲ್ಕು ಮನೆ. ಇದನ್ನು ಮಾತಾಡಿದರೆ ಹೊರಗಿನವರ ಬಾಯಿಗೆ ಸಿಗುತ್ತೇವೆ" ಅಂದರು. ಅವರ ಭಯ ಸುಳ್ಳಲ್ಲ. ಈಗಿನ ಕಾಲದಲ್ಲಿ ಅದು ಬರೀ ನೆಪ ಅಂತ ನಾನೂ ಹೇಳಲಾರೆ. ಆಗ ಹಿಂದೆ ಕೂತಿದ್ದ ಒಬ್ಬರು ಅಜ್ಜಿ, ನಾವೆಲ್ಲ ಬಾಯಿ ಅಂತ ಕರೆಯುವವರು, ಎದ್ದು ಕೇಳಿದರು: "ನಾಳೆ ನನ್ನ ಮೊಮ್ಮಗಳು ಬಂದು ಏನಾದರೂ ಹೇಳಿದರೆ ನಾನು ಯಾರ ಹತ್ತಿರ ಹೋಗಬೇಕು? ಹೆಸರು ಹೇಳಿ." ಯಾರ ಹತ್ತಿರವೂ ಉತ್ತರ ಇರಲಿಲ್ಲ. ಫಾದರ್ ಹತ್ತಿರ ಹೋಗಿ ಅಂತ ಹೇಳಲು ಯಾರಿಗೂ ಬಾಯಿ ಬರಲಿಲ್ಲ, ಯಾಕೆಂದರೆ ಮಾತು ಇದ್ದದ್ದೇ ಫಾದರ್‌ಗಳ ಬಗ್ಗೆ. ಫಾದರ್ ಕೂಡ ತಲೆ ತಗ್ಗಿಸಿ ಕೂತಿದ್ದರು.

ಸಭೆ ನಿಜವಾಗಿ ಶುರುವಾದದ್ದು ಅಲ್ಲಿಂದ. ನಮ್ಮಲ್ಲೇ ವಕೀಲಿಕೆ ಮಾಡುವ ಹುಡುಗಿ ಒಬ್ಬಳಿದ್ದಾಳೆ. ಅವಳು ಪೋಕ್ಸೊ ಕಾಯ್ದೆಯನ್ನು ಬಿಡಿಸಿ ಹೇಳಿದಳು. 2012ರ ಕಾಯ್ದೆ ಅದು. ಹದಿನೆಂಟು ತುಂಬದ ಮಗುವಿಗೆ ಹೀಗೆ ಆಗಿದೆ ಅಂತ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಬಿಷಪ್‌ಹೌಸಿಗೆ ಪತ್ರ ಬರೆದರೆ ಅದು ತಿಳಿಸಿದ ಹಾಗೆ ಆಗುವುದಿಲ್ಲ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವ ಹಾಗಿಲ್ಲ.

ತಾಯಂದಿರಿಗೆ ಇದ್ದ ದೊಡ್ಡ ಭಯ ಸ್ಟೇಷನ್ನಿನದು. "ಹೆಣ್ಣುಮಗುವನ್ನು ಅಲ್ಲಿ ಕೂರಿಸಿ ಕೇಳಿದರೆ?" ಅದಕ್ಕೂ ಕಾಯ್ದೆಯಲ್ಲಿ ಉತ್ತರ ಇದೆ. ಮಗುವಿನ ಮನೆಯಲ್ಲೇ, ಅಥವಾ ಮಗುವಿಗೆ ಇಷ್ಟವಾದ ಕಡೆ ಹೇಳಿಕೆ ಬರೆದುಕೊಳ್ಳಬೇಕು. ಆದಷ್ಟು ಮಟ್ಟಿಗೆ ಮಹಿಳಾ ಎಸ್‌ಐ ಬರಬೇಕು. ಯೂನಿಫಾರ್ಮ್ ಹಾಕಿರಬಾರದು. ರಾತ್ರಿ ಹೊತ್ತು ಮಗುವನ್ನು ಸ್ಟೇಷನ್ನಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದನ್ನು ಕೇಳಿ ಕೆಲವರು ಪೆನ್ನು ತೆಗೆದು ಬರೆದುಕೊಂಡರು.

ಆಮೇಲೆ ನಮ್ಮ ಕಾಸರಗೋಡಿನ ಪ್ರಶ್ನೆ, ಭಾಷೆಯದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ತೋಟದಲ್ಲಿ ತುಳು. ಸ್ಟೇಷನ್ನಿಗೆ ಹೋದರೆ ಮಲಯಾಳಂ. ರೇಷನ್ ಕಾರ್ಡಿನ ಅರ್ಜಿಗೇ ತಡವರಿಸುವ ಅಮ್ಮ ಇಂಥ ವಿಷಯವನ್ನು ಬಾರದ ಭಾಷೆಯಲ್ಲಿ ಹೇಗೆ ಹೇಳುತ್ತಾಳೆ? ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಬರೆದುಕೊಳ್ಳುವುದಾದರೆ ದುಭಾಷಿಯನ್ನು ಕೊಡಲೇಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ನಮಗೆ ಹೆಚ್ಚಿನವರಿಗೆ ಇದು ಗೊತ್ತೇ ಇರಲಿಲ್ಲ. ಮನೆಯವರು ಬಯಸಿದರೆ ಜೊತೆಗೆ ಹೋಗಲು ಮಲಯಾಳಂ ಚೆನ್ನಾಗಿ ಬರುವ ಇಬ್ಬರು ಹೆಂಗಸರು ಒಪ್ಪಿಕೊಂಡರು. ಒಬ್ಬರು ನರ್ಸ್, ಇನ್ನೊಬ್ಬರು ಟೀಚರ್. ಆ ಅಜ್ಜಿ ಕೇಳಿದ ಹೆಸರು ಕೊನೆಗೂ ಸಿಕ್ಕಿತು.

ಇಗರ್ಜಿಯ ಬೋರ್ಡಿನಲ್ಲಿ ಕನ್ನಡ, ಕೊಂಕಣಿ, ಮಲಯಾಳಂ ಮೂರರಲ್ಲೂ ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಹಾಯದ 112 ಬರೆಸಿದ್ದೇವೆ. ಮಕ್ಕಳ ಕಣ್ಣಿನ ಎತ್ತರಕ್ಕೆ ಹಾಕಿಸಿದ್ದು, ದೊಡ್ಡವರ ಎತ್ತರಕ್ಕಲ್ಲ. ಧರ್ಮೋಪದೇಶದ ಕ್ಲಾಸಿನಲ್ಲಿ, ಹಾಡಿನ ಅಭ್ಯಾಸದಲ್ಲಿ ಇಬ್ಬರು ದೊಡ್ಡವರು ಇರಲೇಬೇಕು. ಪಾಪನಿವೇದನೆಗೆ ಮಕ್ಕಳು ಹೋಗುವುದು ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ, ಮಾತು ಮಾತ್ರ ಕೇಳಿಸಬಾರದು.

ಜಾಸ್ತಿ ಗಲಾಟೆ ಆದದ್ದು ಒಂದು ಬಾಗಿಲಿಗೆ. ಪೂಜೆಗೆ ಮೊದಲು ಬಟ್ಟೆ ತೊಡುವ ಕೋಣೆ, ಸಕ್ರಿಸ್ತಿಯ ಬಾಗಿಲು ನಿನಗೆ ಗೊತ್ತಲ್ಲ, ಹಲಸಿನ ಮರದ ದಪ್ಪ ಹಲಗೆ, ಒಳಗಿನಿಂದ ಅಗುಳಿ. ನಾವು ಆಲ್ತಾರಿನಲ್ಲಿ (ಬಲಿಪೀಠದಲ್ಲಿ) ಸೇವೆ ಮಾಡುವಾಗ ಬಟ್ಟೆ ಬದಲಾಯಿಸುತ್ತಿದ್ದದ್ದು ಅಲ್ಲೇ. ಅದಕ್ಕೆ ಗಾಜು ಹಾಕಿಸಬೇಕು, ಒಳಗಿನ ಅಗುಳಿ ತೆಗೆಯಬೇಕು ಅಂತ ಬಂತು. "ಅಜ್ಜಂದಿರು ಕೊಟ್ಟ ಮರ, ಅದನ್ನು ಕೊಯ್ಯುವುದಾ?" ಅಂತ ಕೆಲವರು ತಿಂಗಳುಗಟ್ಟಲೆ ಒಪ್ಪಲಿಲ್ಲ. ಕೊನೆಗೆ ಆಚಾರಿ ಬಂದರು. ಮೇಲಿನ ಹಲಗೆಯನ್ನು ಚೌಕವಾಗಿ ಕೊಯ್ದು, ಅಂಚಿಗೆ ಪಟ್ಟಿ ಹೊಡೆದು ಗಾಜು ಕೂರಿಸಿದರು. ಅಗುಳಿ ಇದ್ದ ಜಾಗದ ತೂತನ್ನು ಮರದ ಪುಡಿ, ಅಂಟು ಸೇರಿಸಿ ಮುಚ್ಚಿದರು. ಈಗ ಗಾಯಕರ ಸಾಲಿನಲ್ಲಿ ನಿಂತರೆ ಒಳಗೆ ಯಾರಿದ್ದಾರೆ ಅಂತ ಕಾಣುತ್ತದೆ. ಮಕ್ಕಳು ಬಟ್ಟೆ ಬದಲಾಯಿಸುವುದಕ್ಕೆ ಅಲ್ಲಿ ಈಗ ಜಾಗ ಇಲ್ಲ. ಮನೆಯಿಂದ ಬಂದ ಬಟ್ಟೆಯ ಮೇಲೇ ನಿಲುವಂಗಿ ತೊಟ್ಟುಕೊಳ್ಳುತ್ತಾರೆ.

ಪಾಪನಿವೇದನೆಯ ಗುಟ್ಟಿನ ಬಗ್ಗೆ ನೀನು ಬರೆದಿದ್ದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿ ಯಾರಿಗೂ ಹೇಳುವಂತಿಲ್ಲ ಅನ್ನುವ ನಿಯಮ ಹಾಗೇ ಇದೆ. ಆದರೆ ಅದರ ಹೆಸರು ಹೇಳಿ ಬೇರೆಲ್ಲವನ್ನೂ ಮುಚ್ಚುವುದಕ್ಕೆ ಆಗುವುದಿಲ್ಲ. ಕ್ಲಾಸಿನಲ್ಲಿ ಮಗು ಹೇಳಿದ್ದು, ಆಫೀಸಿನಲ್ಲಿ ತಾಯಿ ಹೇಳಿದ್ದು ಪಾಪನಿವೇದನೆ ಅಲ್ಲ. ಇಂಥ ಪ್ರಕರಣಗಳ ವಿಷಯ ಹೊರಗೆ ಹೇಳಬಾರದು ಅನ್ನುವ 'ಪೋಪರ ರಹಸ್ಯ'ದ ಕಟ್ಟನ್ನು 2019ರ ಡಿಸೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸರೇ ತೆಗೆದರು. ಅದೇ ವರ್ಷ ಅವರು ತಂದ ನಿಯಮದ ಪ್ರಕಾರ ಪಾದ್ರಿಗಳಿಗೂ ಸಿಸ್ಟರ್‌ಗಳಿಗೂ ಗೊತ್ತಾದದ್ದನ್ನು ಮೇಲಕ್ಕೆ ತಿಳಿಸುವುದು ಕಡ್ಡಾಯ. ಆರೋಪ ಬಿಷಪರ ಮೇಲೇ ಬಂದರೂ ವಿಚಾರಣೆ ಆಗಬೇಕು. ದೇಶದ ಕಾನೂನು ಬೇರೆ, ಅದನ್ನು ಪಾಲಿಸಲೇಬೇಕು ಅಂತಲೂ ಅದರಲ್ಲಿದೆ. ನಿಯಮ ರೋಮಿನಿಂದ ಬಂತು, ಸರಿ. ಅದನ್ನು ಓದಿ ಹೇಳುವವರು ಎಷ್ಟು ಇಗರ್ಜಿಗಳಲ್ಲಿ ಇದ್ದಾರೆ?

ಇನ್ನೊಂದು ಬದಲಾವಣೆ ಆಯಿತು. ಮೊದಲು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ "ಧರ್ಮಸಭೆಗೆ ಬಂದ ಕಷ್ಟಗಳು ದೂರವಾಗಲಿ" ಅಂತ ಓದುತ್ತಿದ್ದರು. ಕಷ್ಟ ಬಂದದ್ದು ಧರ್ಮಸಭೆಗೋ, ಆ ಮಕ್ಕಳಿಗೋ? ಈಗ "ಧರ್ಮಸಭೆಯವರಿಂದಲೇ ನೋವು ತಿಂದ ಮಕ್ಕಳಿಗಾಗಿ, ಹೆಂಗಸರಿಗಾಗಿ" ಅಂತ ಓದುತ್ತಾರೆ. ಮೊದಲ ಸಲ ಓದಿದಾಗ ಉತ್ತರ ಕೊಡುವ ದನಿ ಬಹಳ ಸಣ್ಣದಾಗಿತ್ತು. ಈಗ ಎಲ್ಲರೂ ಹೇಳುತ್ತಾರೆ.

ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಮಕ್ಕಳಿಗೆ ಪೋಕ್ಸೊ ಇದೆ. ಪ್ರಾಯಕ್ಕೆ ಬಂದ ಸಿಸ್ಟರ್‌ಗೆ ಅದರ ಆಸರೆ ಇಲ್ಲ. ಕೆಲಸದ ಜಾಗದಲ್ಲಿ ಹೆಂಗಸರಿಗೆ ರಕ್ಷಣೆ ಕೊಡುವ 2013ರ ಕಾಯ್ದೆ ಇದ್ದರೂ, ಚಿಕ್ಕಮ್ಮನ ಪ್ರಶ್ನೆಗೆ, ರಾತ್ರಿ ಎಲ್ಲಿ ಮಲಗುವುದು ಅನ್ನುವುದಕ್ಕೆ, ಅಲ್ಲಿ ಉತ್ತರ ಸಿಗುವುದಿಲ್ಲ. ಕ್ಷಮಿಸಿಬಿಡಿ ಅಂತ ಬೇಗ ಬೇಗ ಹೇಳುವವರೂ ಇನ್ನೂ ಇದ್ದಾರೆ. ಕ್ಷಮಿಸುವುದು ನೋವು ತಿಂದವರಿಗೆ ಬಿಟ್ಟದ್ದು, ಮಂಡಳಿಯ ಸಭೆ ತೀರ್ಮಾನ ಮಾಡುವ ವಿಷಯ ಅಲ್ಲ ಅದು.

ನಾನು ಹೋಗುವುದನ್ನು ಯಾಕೆ ಬಿಟ್ಟಿಲ್ಲ ಅಂದರೆ, ಆ ಇಗರ್ಜಿ ಪಾದ್ರಿಗಳ ಆಸ್ತಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ನನ್ನ ಅಜ್ಜಿ ಮಲಗಿರುವುದು ಅದರ ಹಿಂದಿನ ಸಿಮಿತ್ರಿಯಲ್ಲಿ. ನನ್ನ ಮದುವೆ ಆದದ್ದು ಅಲ್ಲಿ. ಶಿಲುಬೆಯ ಮೇಲಿದ್ದವನನ್ನು ನಾನು ನಂಬುತ್ತೇನೆ. ಮಕ್ಕಳನ್ನು ನನ್ನ ಹತ್ತಿರ ಬರಲು ಬಿಡಿ ಅಂದವನು ಅವನೇ. ನಾವೆಲ್ಲ ಬಿಟ್ಟು ಬಂದರೆ ಆ ಗಾಜಿನ ಬಾಗಿಲಿನ ಆಚೆ ನೋಡುವವರು ಯಾರು?

ಮುಂದಿನ ಸಭೆಯಲ್ಲಿ ಬೋರ್ಡಿಂಗಿನ ವಿಷಯ ತೆಗೆಯಬೇಕು ಅಂತಿದ್ದೇವೆ. ನಮ್ಮ ಕಡೆಯಿಂದ ಎಷ್ಟೋ ಮಕ್ಕಳು ದೂರದ ಬೋರ್ಡಿಂಗ್‌ಗಳಿಗೆ, ಸೆಮಿನರಿಗಳಿಗೆ ಹೋಗುತ್ತಾರೆ. ಅಲ್ಲಿ ಏನು ಕೇಳಬೇಕು, ಏನು ನೋಡಬೇಕು ಅಂತ ಮನೆಯವರಿಗೆ ಗೊತ್ತಿಲ್ಲ. ನೀನು ಎಂಟನೆಯ ಕ್ಲಾಸಿನಿಂದ ಬೋರ್ಡಿಂಗಿನಲ್ಲಿ ಇದ್ದವನು. ಮನೆಗೆ ಫೋನ್ ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರುತ್ತಿದ್ದರಾ? ಮನೆಗೆ ಬರೆದ ಪತ್ರವನ್ನು ಯಾರಾದರೂ ಓದುತ್ತಿದ್ದರಾ? ರಾತ್ರಿ ಹುಷಾರಿಲ್ಲದಿದ್ದರೆ ಯಾರ ಕೋಣೆಗೆ ಹೋಗಬೇಕಿತ್ತು? ಒಬ್ಬ ಹುಡುಗನ ಅಪ್ಪ ಅಮ್ಮ ಸೇರಿಸುವ ಮೊದಲು ಏನೇನು ಕೇಳಬೇಕು, ನಿನಗೆ ತೋಚಿದ್ದನ್ನು ಬರೆದು ಕಳಿಸು. ಸಭೆಯಲ್ಲಿ ನಾನೇ ಓದುತ್ತೇನೆ, ಹೆಸರು ಹೇಳುವುದಿಲ್ಲ.

ಅಮ್ಮ ನಿನ್ನನ್ನು ಕೇಳಿದ್ದಾರೆ ಅಂತ ಹೇಳಲು ಹೇಳಿದರು. ಕ್ರಿಸ್ಮಸ್ಸಿಗೆ ಬರುವುದಾದರೆ ಟಿಕೆಟ್ ಬೇಗ ಮಾಡಿಸು.

ನಿನ್ನ,
ಊರಿನ ಗೆಳೆಯ